ತಿರುಗದ ಚೆಂಡಿನ ಟಿಮ್ ವೇಕ್‌ಫೀಲ್ಡ್

ಟಿಮ್ ವೇಕ್‌ಫೀಲ್ಡ್ ತೀರಿಕೊಂಡದ್ದು 2023ರ ಅಕ್ಟೋಬರ್ 1ರ ಭಾನುವಾರ. ಮೇಜರ್ ಲೀಗ್ ಬೇಸ್‌ಬಾಲ್‌ನ ಆ ವರ್ಷದ ಲೀಗ್ ಹಂತ ಮುಗಿದದ್ದೂ ಅವತ್ತೇ. ಮಿದುಳಿನ ಕ್ಯಾನ್ಸರ್, ವಯಸ್ಸು 57. ಐದು ತಿಂಗಳೊಳಗೆ ಅವರ ಪತ್ನಿಯೂ ಕ್ಯಾನ್ಸರ್‌ನಿಂದಲೇ ಹೋದರು. ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ 17 ಸೀಸನ್ ಆಡಿದ ಈ ಪಿಚರ್‌ನ (ಬ್ಯಾಟರ್‌ಗೆ ಚೆಂಡು ಎಸೆಯುವವನ) ವೃತ್ತಿಜೀವನದ ಒಟ್ಟು ಲೆಕ್ಕ ಹೀಗಿದೆ: 200 ಗೆಲುವು, 180 ಸೋಲು, ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟದ್ದು ಸರಾಸರಿ 4.41 ರನ್. ಬರೀ ಇದನ್ನು ನೋಡಿದವರು ಸಾಧಾರಣ ಆಟಗಾರ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಬಾಸ್ಟನ್‌ನಲ್ಲಿ ಇವರಿಗಿಂತ ಎಷ್ಟೋ ದೊಡ್ಡ ಪಿಚರ್‌ಗಳಿಗೂ ಸಿಗದ ಪ್ರೀತಿ ಇವರಿಗೆ ಸಿಕ್ಕಿತು. ಅದು ಕರುಣೆಯಿಂದ ಬಂದದ್ದಲ್ಲ, ಲೆಕ್ಕ ಹಾಕಿಯೇ ಕೊಟ್ಟದ್ದು. ಆ ಲೆಕ್ಕ ಅರ್ಥವಾಗಬೇಕಾದರೆ ಅವರು ಎಸೆಯುತ್ತಿದ್ದ ಚೆಂಡಿನಿಂದ ಶುರು ಮಾಡಬೇಕು.

ನಕಲ್‌ಬಾಲ್ ಎಂಬುದು ನಮ್ಮವರಿಗೆ ಕ್ರಿಕೆಟ್‌ನಿಂದ ಪರಿಚಯ. 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್, ಆಮೇಲೆ ಭುವನೇಶ್ವರ್ ಕುಮಾರ್ ಅದನ್ನು ಹಾಕುವುದನ್ನು ನೋಡಿದ್ದೇವೆ. ಕ್ರಿಕೆಟ್‌ಗೆ ಅದು ಬೇಸ್‌ಬಾಲ್‌ನಿಂದಲೇ ಬಂದದ್ದು. ಆದರೆ ಕ್ರಿಕೆಟ್‌ನಲ್ಲಿ ಅದರ ಕೆಲಸ ಬೇರೆ. ವೇಗದ ಬೌಲರ್ ಅದೇ ಓಟ, ಅದೇ ಕೈಬೀಸಿನಲ್ಲಿ ನಿಧಾನದ ಚೆಂಡು ಬಿಟ್ಟು ಬ್ಯಾಟ್ಸ್‌ಮನ್ನನ ಟೈಮಿಂಗ್ ಕೆಡಿಸುತ್ತಾನೆ. ಒಂದು ಓವರ್‌ನಲ್ಲಿ ಒಂದೋ ಎರಡೋ ಸಾಕು. ವೇಕ್‌ಫೀಲ್ಡ್ ಮಾತ್ರ ಹೆಚ್ಚುಕಡಿಮೆ ಅದೊಂದನ್ನೇ ಎಸೆದರು. ಪಂದ್ಯಕ್ಕೆ ಸುಮಾರು ನೂರು ಎಸೆತ, ಅದರಲ್ಲಿ ಬಹುಪಾಲು ನಕಲ್‌ಬಾಲ್, 45ನೇ ವಯಸ್ಸಿನ ತನಕ. ಅದು ಬರುತ್ತದೆಂದು ಬ್ಯಾಟರ್‌ಗೂ ಗೊತ್ತು, ಗ್ಯಾಲರಿಯಲ್ಲಿ ಕೂತವರಿಗೂ ಗೊತ್ತು.

ಹಿಡಿತ ನೋಡಿ. ಬೇಸ್‌ಬಾಲ್‌ನ ಸುತ್ತಳತೆ ಸುಮಾರು 23 ಸೆಂಟಿಮೀಟರ್, ತೂಕ 142ರಿಂದ 149 ಗ್ರಾಂ. ಕೆಂಪು ದಾರದ 108 ಜೋಡಿ ಹೊಲಿಗೆ ಚರ್ಮದಿಂದ ಕೊಂಚ ಮೇಲೆದ್ದು ಕುದುರೆಲಾಳದ ಆಕಾರದಲ್ಲಿ ಬಳಸಿಕೊಂಡು ಹೋಗುತ್ತದೆ. ಆ ಲಾಳದ ಬಾಗಿನ ಕೆಳಗೆ, ನುಣುಪು ಚರ್ಮದ ಮೇಲೆ, ತೋರುಬೆರಳು ಮತ್ತು ನಡುಬೆರಳಿನ ಉಗುರುಗಳನ್ನು ಊರಬೇಕು. ಗೆಣ್ಣು ಚೆಂಡಿಗೆ ತಾಗುವುದೇ ಇಲ್ಲ. ಹೆಬ್ಬೆರಳು ಕೆಳಗಿನಿಂದ, ಉಂಗುರ ಬೆರಳು ಪಕ್ಕದಿಂದ ಚೆಂಡು ಜಾರದ ಹಾಗೆ ಆಸರೆ ಕೊಡುತ್ತವೆ. ಅಂಗೈಗೂ ಚೆಂಡಿಗೂ ನಡುವೆ ಜಾಗ ಇರಬೇಕು. ಎಸೆಯುವಾಗ ಮಣಿಕಟ್ಟು ಮಡಚಬಾರದು. ಮಾಮೂಲಿ ಎಸೆತದಲ್ಲಿ ಬೆರಳುಗಳು ಕೊನೆಗಳಿಗೆಯಲ್ಲಿ ಚೆಂಡಿನ ಬೆನ್ನನ್ನು ಸವರಿ ಕೆಳಗಿಳಿಯುತ್ತವೆ, ಅದರಿಂದ ಚೆಂಡು ಹಿಮ್ಮುಖವಾಗಿ ತಿರುಗುತ್ತದೆ. ಇಲ್ಲಿ ಉಗುರುಗಳು ಅದೇ ಗಳಿಗೆಯಲ್ಲಿ ಚೆಂಡನ್ನು ಮುಂದಕ್ಕೆ ನೂಕಿ ಆ ತಿರುಗುವಿಕೆಯನ್ನು ಕೊಂದುಹಾಕಬೇಕು. ಎಲ್ಲ ಬೆರಳೂ ಒಟ್ಟಿಗೇ ಬಿಡಬೇಕು.

ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಪಿಚರ್‌ನ ಕೈಬಿಟ್ಟು ಬ್ಯಾಟರ್ ಮುಂದಿನ ಹೋಮ್ ಪ್ಲೇಟ್ ಮುಟ್ಟುವುದರೊಳಗೆ ಹದಿನೈದು ಸುತ್ತಿನ ಆಸುಪಾಸು ತಿರುಗುತ್ತದೆ. ವೇಕ್‌ಫೀಲ್ಡ್ ಚೆಂಡಿನ ವೇಗ 105ರಿಂದ 110 ಕಿಲೋಮೀಟರ್. ಅದು ಒಂದು ಸುತ್ತು ತಿರುಗಿದರೆ ಹದವಾಗಿ ಬಂದಿದೆ ಎಂದರ್ಥ. ಅರ್ಧ ಸುತ್ತಿನಿಂದ ಒಂದೂವರೆ ಸುತ್ತಿನ ತನಕ ಪರವಾಗಿಲ್ಲ. ಒಂಚೂರೂ ತಿರುಗದಿದ್ದರೆ ಅದೂ ಒಳ್ಳೆಯದಲ್ಲ, ಏಕೆಂದರೆ ಚೆಂಡು ಒಂದೇ ಕಡೆಗೆ ವಾಲಿಕೊಂಡು ಬರುತ್ತದೆ. ನಿಧಾನ ತಿರುಗುವ ಚೆಂಡಿನಲ್ಲಿ ಹೊಲಿಗೆ ಗಾಳಿಗೆ ಎದುರಾಗುವ ಜಾಗ ಬದಲಾಗುತ್ತ ಹೋಗುತ್ತದೆ. ಹೊಲಿಗೆ ಇರುವ ಮಗ್ಗುಲಲ್ಲಿ ಗಾಳಿ ಚೆಂಡಿನ ಮೈಬಿಟ್ಟು ಸರಿಯುವುದು ಒಂದು ಬಗೆ, ನುಣುಪು ಮಗ್ಗುಲಲ್ಲಿ ಇನ್ನೊಂದು ಬಗೆ. ಈ ವ್ಯತ್ಯಾಸವೇ ಚೆಂಡನ್ನು ಪಕ್ಕಕ್ಕೆ ತಳ್ಳುವುದು. ವಾಟ್ಸ್ ಮತ್ತು ಸಾಯರ್ ಎಂಬಿಬ್ಬರು 1975ರಲ್ಲೇ ಗಾಳಿ ಸುರಂಗದಲ್ಲಿ ಚೆಂಡಿಟ್ಟು ಈ ಬಲವನ್ನು ಅಳೆದು ಪ್ರಕಟಿಸಿದರು. ಇತ್ತೀಚೆಗೆ ಭೌತವಿಜ್ಞಾನಿ ಅಲನ್ ನೇಥನ್ ಮೈದಾನದ ಕ್ಯಾಮೆರಾಗಳ ಲೆಕ್ಕ ತೆಗೆದು ನೋಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಚೆಂಡು ದಾರಿಯುದ್ದಕ್ಕೂ ಅತ್ತಿತ್ತ ಕುಣಿಯುತ್ತದೆ ಎಂದು ಬ್ಯಾಟರ್‌ಗಳು ಹೇಳುವುದುಂಟು. ಅಳತೆಯಲ್ಲಿ ಕಂಡ ದಾರಿ ಮಾತ್ರ ಬೇರೆ ಚೆಂಡುಗಳಷ್ಟೇ ನಯವಾದದ್ದು. ನಿಜವಾದ ಕಾಟ ಎಂದರೆ ಒಂದು ಎಸೆತ ಬಲಕ್ಕೆ ಹೋದರೆ ಮುಂದಿನದು ಎಡಕ್ಕೋ ಕೆಳಕ್ಕೋ ಎಂಬುದನ್ನು ಊಹಿಸಲಾಗದು. ಎಸೆದವನಿಗೂ ಗೊತ್ತಿರುವುದಿಲ್ಲ.

ಹೀಗಾಗಿ ನಕಲ್‌ಬಾಲ್ ಪಿಚರ್ ಮೂಲೆಗೆ ಗುರಿಯಿಡುವುದಿಲ್ಲ. ಪ್ಲೇಟಿನ ನಡುವಿಗೇ ಎಸೆದು, ಉಳಿದದ್ದನ್ನು ಗಾಳಿಗೆ ಬಿಡುತ್ತಾನೆ. ಎದುರುಗಾಳಿ ಇದ್ದರೆ ಅನುಕೂಲ; ಬೆನ್ನ ಹಿಂದಿನಿಂದ ಬೀಸಿದರೆ ಚೆಂಡಿನ ಆಟ ಸಪ್ಪೆಯಾಗುತ್ತದೆ.

ಎಲ್ಲಿ ಕೆಡುತ್ತದೆ ಎಂದರೆ ಮೊದಲು ಉಗುರಿನಲ್ಲಿ. ತುಂಬ ಬೆಳೆದರೆ ಮುರಿಯುತ್ತದೆ, ತುಂಬ ಕತ್ತರಿಸಿದರೆ ಚರ್ಮಕ್ಕೆ ಕಚ್ಚುವುದಿಲ್ಲ. ಅರದಿಂದ ಉಜ್ಜಿ ಉಜ್ಜಿ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಬೇಕು. 1987ರಲ್ಲಿ ಜೋ ನೀಕ್ರೊ ಎಂಬ ನಕಲ್‌ಬಾಲ್ ಪಿಚರ್‌ನ ಜೇಬಿನಿಂದ ಮೈದಾನದಲ್ಲೇ ಉಗುರಿನ ಅರ ಹೊರಬಿದ್ದು, ಚೆಂಡು ಕೆರೆಯಲು ಇಟ್ಟುಕೊಂಡದ್ದೆಂದು ಹತ್ತು ದಿನದ ಅಮಾನತು ಆಯಿತು. ಉಗುರಿಗೆಂದೇ ಇಟ್ಟುಕೊಂಡದ್ದು ಎಂದು ಆತ ವಾದಿಸಿದ್ದರು. ಎರಡನೆಯದು ಬೆವರು. ಬೆರಳು ಒದ್ದೆಯಾದರೆ ಉಗುರು ಜಾರಿ ಚೆಂಡು ತಿರುಗಿಬಿಡುತ್ತದೆ. ಮೂರನೆಯದು ಮನಸ್ಸು, ಎಲ್ಲಕ್ಕಿಂತ ದುಬಾರಿ. ಇಕ್ಕಟ್ಟಿನಲ್ಲಿ ಸಿಕ್ಕಾಗ ಯಾವ ಪಿಚರ್‌ಗೂ ಇನ್ನಷ್ಟು ಜೋರಾಗಿ ಎಸೆಯಬೇಕು ಅನ್ನಿಸುತ್ತದೆ. ಜೋರು ಹಾಕಿದ ಕೂಡಲೇ ಮಣಿಕಟ್ಟು ಮಡಚುತ್ತದೆ, ಚೆಂಡು ಮೂರು ನಾಲ್ಕು ಸುತ್ತು ತಿರುಗುತ್ತ ನೆಟ್ಟಗೆ, ನಿಧಾನವಾಗಿ, ಸೊಂಟದ ಮಟ್ಟಕ್ಕೆ ಬರುತ್ತದೆ. ಮೇಜರ್ ಲೀಗ್ ಬ್ಯಾಟರ್‌ಗೆ ಅದಕ್ಕಿಂತ ಸುಲಭದ ಚೆಂಡಿಲ್ಲ. ವೇಕ್‌ಫೀಲ್ಡ್ ತಮ್ಮ ಬದುಕಿನಲ್ಲಿ 400ಕ್ಕೂ ಹೆಚ್ಚು ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು) ಕೊಟ್ಟದ್ದು ಹೀಗೆಯೇ. ಚೆಂಡು ಹದಕ್ಕೆ ಬಂದ ದಿನ ಮಾತ್ರ ಎದುರಿನವರದು ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ. ನಡುನಡುವೆ ಅವರು ಗಂಟೆಗೆ 120 ಕಿಲೋಮೀಟರ್ ಆಸುಪಾಸಿನ ಒಂದು ನೇರ ಚೆಂಡು ಬಿಡುತ್ತಿದ್ದರು. ಮೇಜರ್ ಲೀಗ್‌ನಲ್ಲಿ ಅದು ವೇಗವೇ ಅಲ್ಲ. ಆದರೂ ನಾಲ್ಕು ನಕಲ್‌ಬಾಲ್ ನೋಡಿದ ಕಣ್ಣಿಗೆ ಅದು ಮಿಂಚಿನಂತೆ ಬಂದು, ಎಷ್ಟೋ ಬ್ಯಾಟರ್‌ಗಳು ಬ್ಯಾಟ್ ಎತ್ತದೆ ಔಟಾದರು.

ಬ್ಯಾಟರ್‌ಗೆ ತಪ್ಪಿದ ಚೆಂಡು ಹಿಂದೆ ಕೂತ ಕ್ಯಾಚರ್‌ಗೂ ತಪ್ಪುತ್ತದೆ. ನಮ್ಮ ಚಂದ್ರಶೇಖರ್‌ಗೆ ಕಿರ್ಮಾನಿ ವಿಕೆಟ್ ಕಾಯುತ್ತಿದ್ದುದನ್ನು ಬಲ್ಲವರಿಗೆ ಈ ಪಾಡು ಬಿಡಿಸಿ ಹೇಳಬೇಕಿಲ್ಲ. ಬೀಸಿ ತಪ್ಪಿದ ಅಥವಾ ಬೀಸದೆ ಬಿಟ್ಟ ಒಳ್ಳೆಯ ಚೆಂಡು ಒಂದು ಸ್ಟ್ರೈಕ್; ಮೂರಾದರೆ ಬ್ಯಾಟರ್ ಔಟ್. ಆದರೆ ಮೂರನೇ ಸ್ಟ್ರೈಕ್ ಆದಾಗಲೂ ಕ್ಯಾಚರ್ ಚೆಂಡು ಬಿಟ್ಟರೆ, ಮೊದಲ ಬೇಸ್ ಖಾಲಿ ಇದ್ದರೆ ಅಥವಾ ಆಗಲೇ ಇಬ್ಬರು ಔಟಾಗಿದ್ದರೆ, ಬ್ಯಾಟರ್ ಓಡಿ ಉಳಿದುಕೊಳ್ಳಬಹುದು. 1999ರ ಆಗಸ್ಟ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ವೇಕ್‌ಫೀಲ್ಡ್ ಮೂವರು ಔಟಾದರೆ ಮುಗಿಯುವ ಒಂದೇ ಇನಿಂಗ್ಸ್‌ನಲ್ಲಿ ನಾಲ್ವರನ್ನು ಸ್ಟ್ರೈಕ್ ಔಟ್ ಮಾಡಬೇಕಾಗಿ ಬಂದದ್ದು ಇದೇ ನಿಯಮದಿಂದ. ಔಟಾದವರಲ್ಲಿ ಒಬ್ಬ ಚೆಂಡು ಕೈತಪ್ಪಿದ್ದರಿಂದ ಬೇಸ್ ಸೇರಿಕೊಂಡಿದ್ದ. ಬೇಸ್‌ಬಾಲ್‌ನಲ್ಲಿ ಹೀಗೆ ಕ್ಯಾಚರ್ ಬಿಟ್ಟ ಚೆಂಡಿಗೆ ಪಾಸ್ಡ್ ಬಾಲ್ ಎಂದು ಬೇರೆಯೇ ಲೆಕ್ಕ ಇಡುತ್ತಾರೆ. 1987ರಲ್ಲಿ ಚಾರ್ಲಿ ಹಫ್‌ನ ನಕಲ್‌ಬಾಲ್ ಹಿಡಿಯುತ್ತಿದ್ದ ಜೀನೊ ಪೆಟ್ರಾಲಿ ಹೆಸರಿಗೆ ಒಂದೇ ಸೀಸನ್‌ನಲ್ಲಿ 35 ಬಂದವು.

ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಮಾಮೂಲಿ ಪಿಚರ್‌ಗೆ ಕ್ಯಾಚರ್ ಗ್ಲೌಸ್ ಒಂದು ಜಾಗದಲ್ಲಿ ಗುರಿಯಾಗಿ ಹಿಡಿದಿರುತ್ತಾನೆ. ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಕೈ ಸಡಿಲ ಬಿಟ್ಟು, ಚೆಂಡಿನತ್ತ ಕೈಚಾಚದೆ, ಅದು ಹತ್ತಿರಕ್ಕೆ ಬರುವ ತನಕ ಕಾದು, ಕೊನೆಗಳಿಗೆಯಲ್ಲಿ ಮುಚ್ಚಿಕೊಳ್ಳಬೇಕು. ಮೊದಲೇ ಕೈ ನುಗ್ಗಿಸಿದರೆ ಚೆಂಡು ದಿಕ್ಕು ಬದಲಿಸಿದಾಗ ಹಿಂದಕ್ಕೆಳೆಯಲು ಆಗುವುದಿಲ್ಲ. ಗ್ಲೌಸ್ ಕೂಡ ದೊಡ್ಡದು ಬೇಕು. ನಕಲ್‌ಬಾಲ್ ಪಿಚರ್ ಹಾಯ್ಟ್ ವಿಲ್ಹೆಲ್ಮ್ ಎಸೆತ ಹಿಡಿಯಲೆಂದೇ 1960ರಲ್ಲಿ ಬಾಲ್ಟಿಮೋರ್‌ನ ಮ್ಯಾನೇಜರ್ ಪಾಲ್ ರಿಚರ್ಡ್ಸ್ ಒಂದು ದೈತ್ಯ ಗ್ಲೌಸ್ ಮಾಡಿಸಿದ್ದರು. ಆಮೇಲೆ ಸುತ್ತಳತೆ 38 ಇಂಚು ಮೀರಬಾರದೆಂದು ನಿಯಮ ಬಂತು. ವೇಕ್‌ಫೀಲ್ಡ್ ಎಸೆತಕ್ಕೆ ಎತ್ತಿದ ಕೈ ಎಂದರೆ ಡಗ್ ಮಿರಾಬೆಲ್ಲಿ. ತಂಡದ ಮುಖ್ಯ ಕ್ಯಾಚರ್ ಜೇಸನ್ ವ್ಯಾರಿಟೆಕ್. ಐದು ದಿನಕ್ಕೊಮ್ಮೆ ವೇಕ್‌ಫೀಲ್ಡ್ ಸರದಿ ಬಂದಾಗ ಮಾತ್ರ ಮಿರಾಬೆಲ್ಲಿ ಇಳಿಯುತ್ತಿದ್ದರು.

ಆ ಕೆಲಸದ ಬೆಲೆ ಬಾಸ್ಟನ್‌ಗೆ ಗೊತ್ತಾದದ್ದು 2006ರಲ್ಲಿ. ಮಿರಾಬೆಲ್ಲಿಯನ್ನು ಸ್ಯಾನ್ ಡಿಯೇಗೊಗೆ ಕೊಟ್ಟು, ಜಾಶ್ ಬಾರ್ಡ್ ಎಂಬ ಯುವಕನನ್ನು ಆ ಜಾಗಕ್ಕೆ ಕೂರಿಸಿದರು. ಬಾರ್ಡ್ ಒಳ್ಳೆಯ ಕ್ಯಾಚರ್; ಆದರೂ ಏಪ್ರಿಲ್ ಒಂದೇ ತಿಂಗಳಲ್ಲಿ ವೇಕ್‌ಫೀಲ್ಡ್ ಎಸೆತದಲ್ಲಿ 10 ಪಾಸ್ಡ್ ಬಾಲ್ ಆದವು. ಮೇ 1ರಂದು ನ್ಯೂಯಾರ್ಕ್ ಯಾಂಕೀಸ್ ಎದುರು ಪಂದ್ಯ, ಸರದಿ ವೇಕ್‌ಫೀಲ್ಡ್‌ದು. ಬಾರ್ಡ್ ಜೊತೆ ಇನ್ನೊಬ್ಬ ಪಿಚರ್‌ನನ್ನೂ ಬಿಟ್ಟುಕೊಟ್ಟು ಮಿರಾಬೆಲ್ಲಿಯನ್ನು ವಾಪಸ್ ತರಿಸಿ, ವಿಮಾನ ಇಳಿದವರನ್ನು ಪೊಲೀಸ್ ವಾಹನದಲ್ಲಿ ತಂಡದ ಮೈದಾನ ಫೆನ್‌ವೇ ಪಾರ್ಕ್‌ಗೆ ಓಡಿಸಿದರು. ಅವರು ದಾರಿಯಲ್ಲೇ ಸಮವಸ್ತ್ರ ಹಾಕಿಕೊಂಡು, ಪಂದ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಪ್ಲೇಟಿನ ಹಿಂದೆ ಕೂತರು. ಬಾಸ್ಟನ್ 7-3ರಿಂದ ಗೆದ್ದಿತು. ಒಬ್ಬ ಬದಲಿ ಕ್ಯಾಚರ್‌ಗೆ ಇಷ್ಟು ರಾಜೋಪಚಾರ ಬೇಸ್‌ಬಾಲ್‌ನಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಇಷ್ಟೆಲ್ಲ ತಾಪತ್ರಯ ಇದ್ದೂ ತಂಡ ಇವರನ್ನು ಉಳಿಸಿಕೊಂಡದ್ದು ತೋಳಿನ ಕಾರಣಕ್ಕೆ. ಜೋರಾಗಿ ಎಸೆಯುವ ಪಿಚರ್ ನೂರು ಎಸೆತದ ಮೇಲೆ ನಾಲ್ಕು ದಿನ ಸುಧಾರಿಸಿಕೊಳ್ಳಬೇಕು. ನಕಲ್‌ಬಾಲ್‌ನಲ್ಲಿ ಭುಜಕ್ಕೂ ಮೊಣಕೈಗೂ ಬೀಳುವ ಒತ್ತಡ ಕಡಿಮೆ. ಇವತ್ತು ಪಂದ್ಯ ಶುರು ಮಾಡಿ, ಮೂರನೇ ದಿನ ನಡುವೆ ಬಂದು, ಬೇಕಾದರೆ ಕೊನೆಯ ಇನಿಂಗ್ಸ್ ಮುಗಿಸಿಕೊಡಲೂ ಆಗುತ್ತದೆ. ತಂಡಕ್ಕೆ ಮುಗಿಸುವವರಿಲ್ಲದ 1999ರಲ್ಲಿ ವೇಕ್‌ಫೀಲ್ಡ್ 15 ಪಂದ್ಯ ಹಾಗೆ ಉಳಿಸಿಕೊಟ್ಟರು. ರೆಡ್ ಸಾಕ್ಸ್ ಪರ ಅವರು ಎಸೆದದ್ದು 3,006 ಇನಿಂಗ್ಸ್. ನೂರು ವರ್ಷ ದಾಟಿದ ಆ ತಂಡದಲ್ಲಿ ದಿಗ್ಗಜ ಪಿಚರ್ ಸೈ ಯಂಗ್ ಅಷ್ಟು ಎಸೆದಿಲ್ಲ, ರೋಜರ್ ಕ್ಲೆಮೆನ್ಸ್ ಎಸೆದಿಲ್ಲ. ಒಬ್ಬ ಪಿಚರ್ ಹೊತ್ತುಕೊಂಡ ಪ್ರತಿ ಇನಿಂಗ್ಸ್ ಇನ್ನೊಬ್ಬನ ತೋಳಿಗೆ ವಿಶ್ರಾಂತಿ. 4.41 ಎಂಬ ಸರಾಸರಿಯಲ್ಲಿ ಇದು ಕಾಣುವುದಿಲ್ಲ.

ಅವರು ಪಿಚರ್ ಆದದ್ದು ಬೇರೆ ದಾರಿ ಮುಚ್ಚಿಹೋದ ಮೇಲೆ. ಹುಟ್ಟಿದ್ದು 1966ರಲ್ಲಿ, ಫ್ಲಾರಿಡಾದ ಮೆಲ್ಬರ್ನ್‌ನಲ್ಲಿ. ಕಾಲೇಜಿನಲ್ಲಿ ಹೋಮ್ ರನ್ ಬಾರಿಸುತ್ತಿದ್ದ ಫಸ್ಟ್ ಬೇಸ್‌ಮನ್. 1988ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಟನೇ ಸುತ್ತಿನಲ್ಲಿ ಆರಿಸಿಕೊಂಡಿತು, ಆದರೆ ಕೆಳಹಂತದ ಲೀಗ್‌ನಲ್ಲೇ ಬ್ಯಾಟು ಕೈಕೊಟ್ಟಿತು. ಅಭ್ಯಾಸದ ವೇಳೆ ತಮಾಷೆಗೆ ಎಸೆಯುತ್ತಿದ್ದ ನಕಲ್‌ಬಾಲ್ ಮ್ಯಾನೇಜರ್ ವುಡಿ ಹೈಕ್ ಕಣ್ಣಿಗೆ ಬಿದ್ದದ್ದರಿಂದ 1989ರಲ್ಲಿ ಪಿಚರ್ ಮಾಡಿದರು. 1992ರ ಜುಲೈ 31ರಂದು ಮೇಜರ್ ಲೀಗ್‌ಗೆ ಬಂದು ಆ ಸೀಸನ್‌ನಲ್ಲಿ 8 ಗೆಲುವು, 1 ಸೋಲು. ಆ ಅಕ್ಟೋಬರ್‌ನಲ್ಲಿ ಅಟ್ಲಾಂಟಾ ಎದುರಿನ ಸರಣಿಯಲ್ಲಿ ಟಾಮ್ ಗ್ಲಾವಿನ್ ವಿರುದ್ಧ ಎರಡು ಬಾರಿ ಇಳಿದು, ಎರಡರಲ್ಲೂ ಒಂಬತ್ತು ಇನಿಂಗ್ಸ್ ತಾವೇ ಎಸೆದು ಗೆದ್ದರು. ಮರುವರ್ಷ ಚೆಂಡು ಹದ ತಪ್ಪಿತು. 1994ರಲ್ಲಿ ಬಫಲೊದ ಕೆಳಹಂತದ ತಂಡದಲ್ಲಿ 5 ಗೆಲುವಿಗೆ 15 ಸೋಲು. 1995ರ ಏಪ್ರಿಲ್‌ನಲ್ಲಿ ಪೈರೇಟ್ಸ್ ಕೈಬಿಟ್ಟಿತು. ಒಂದು ವಾರ ತುಂಬುವ ಮೊದಲೇ ರೆಡ್ ಸಾಕ್ಸ್ ಕರೆದುಕೊಂಡಿತು.

ಫೋರ್ಟ್ ಮೈಯರ್ಸ್‌ನ ಶಿಬಿರದಲ್ಲಿ ಫಿಲ್ ಮತ್ತು ಜೋ ನೀಕ್ರೊ ಸೋದರರು ಸಿಕ್ಕಿದ್ದು ಅವರ ಭಾಗ್ಯ. ಇಬ್ಬರೂ ಸೇರಿ 539 ಪಂದ್ಯ ಗೆದ್ದ ನಕಲ್‌ಬಾಲ್ ಮನೆತನ ಅದು. ಈ ಚೆಂಡಿನ ಬಗ್ಗೆ ಮಾಮೂಲಿ ಕೋಚ್‌ಗೆ ಹೇಳಲು ಏನೂ ಇರುವುದಿಲ್ಲ. ಎಸೆದವರೇ ಇನ್ನೊಬ್ಬರಿಗೆ ಹೇಳಿಕೊಡಬೇಕು. ಆ ಸೀಸನ್‌ನಲ್ಲಿ ಸೋಲು-ಗೆಲುವು ಅವರ ಲೆಕ್ಕಕ್ಕೆ ಬಂದ ಮೊದಲ 15 ಪಂದ್ಯಗಳಲ್ಲಿ 14 ಗೆಲುವು. ಕೊನೆಗೆ 16-8, ಸರಾಸರಿ 2.95.

2003ರ ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ಗೆದ್ದ ಮೂರರಲ್ಲಿ ಎರಡು ವೇಕ್‌ಫೀಲ್ಡ್ ಗೆದ್ದುಕೊಟ್ಟವು. ಏಳನೆಯದರಲ್ಲಿ 5-5 ಸಮ ಇದ್ದಾಗ ಹತ್ತನೇ ಇನಿಂಗ್ಸ್‌ಗೆ ಅವರನ್ನು ಇಳಿಸಿದರು. ಮೂವರೂ ಸಲೀಸಾಗಿ ಔಟ್. ಹನ್ನೊಂದನೆಯದರ ಮೊದಲ ಎಸೆತ ಹದಕ್ಕೆ ಬರಲಿಲ್ಲ. ಯಾಂಕೀಸ್‌ನ ಆರನ್ ಬೂನ್ ಅದನ್ನು ಎಡ ಗ್ಯಾಲರಿಗೆ ಬಾರಿಸಿದರು. ಸೀಸನ್ ಅಲ್ಲಿಗೆ ಮುಗಿಯಿತು. ಸೋಲಿನ ಹೊಣೆ ಒಬ್ಬನ ತಲೆಗೆ ಕಟ್ಟಿ ವರ್ಷಗಟ್ಟಲೆ ಬೈಯುವುದು ಆ ಊರಿನ ಹಳೆಯ ಚಾಳಿ. 1986ರಲ್ಲಿ ಚೆಂಡು ಕೈತಪ್ಪಿಸಿದ ಬಿಲ್ ಬಕ್ನರ್‌ಗೆ ಆದದ್ದು ಅದೇ. ವೇಕ್‌ಫೀಲ್ಡ್‌ಗೆ ಮಾತ್ರ ಹಾಗಾಗಲಿಲ್ಲ. ಆ ಚಳಿಗಾಲದಲ್ಲಿ ಬಾಸ್ಟನ್ ಬೇಸ್‌ಬಾಲ್ ಬರಹಗಾರರ ಔತಣಕೂಟಕ್ಕೆ ಬಂದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮರುವರ್ಷ ಮತ್ತೆ ಯಾಂಕೀಸ್. ಬಾಸ್ಟನ್ ಮೊದಲೆರಡು ಪಂದ್ಯ ಸೋತು, 2004ರ ಅಕ್ಟೋಬರ್ 16ರಂದು ಫೆನ್‌ವೇಯಲ್ಲಿ ಮೂರನೆಯದು ಆಡುತ್ತಿತ್ತು. ಪಂದ್ಯ ಶುರು ಮಾಡಿದ ಬ್ರಾನ್ಸನ್ ಆರೊಯೊ ಬೇಗ ನೆಲಕಚ್ಚಿದರು, ಅವರ ಹಿಂದೆ ಬಂದವರೂ ರನ್ ಕೊಡುತ್ತ ಹೋದರು. ಪಂದ್ಯ ಕೈಬಿಟ್ಟಂತೆಯೇ ಎಂದು ಐದು ಇನಿಂಗ್ಸ್ ಇರುವಾಗಲೇ ಕಾಣುತ್ತಿತ್ತು, ಆದರೂ ಉಳಿದ ಇನಿಂಗ್ಸ್ ಯಾರಾದರೂ ಎಸೆಯಲೇಬೇಕು. ಆಪತ್ಕಾಲಕ್ಕೆಂದು ಕಾದಿರಿಸಿದ ಪಿಚರ್‌ಗಳನ್ನೆಲ್ಲ ಅಲ್ಲೇ ಸುರಿದರೆ ನಾಳೆಗೆ ತೋಳುಗಳಿರುವುದಿಲ್ಲ. ನಾಳೆಯ ನಾಲ್ಕನೇ ಪಂದ್ಯ ಶುರು ಮಾಡುವ ಸರದಿ ವೇಕ್‌ಫೀಲ್ಡ್‌ದು. ಅಕ್ಟೋಬರ್‌ನಲ್ಲಿ ಪಂದ್ಯ ಶುರು ಮಾಡುವ ಅವಕಾಶ ಯಾವ ಪಿಚರ್ ಕೂಡ ಸುಮ್ಮನೆ ಬಿಟ್ಟುಕೊಡುವಂಥದ್ದಲ್ಲ. ಅವರು ತಾವಾಗಿ ಅದನ್ನು ಬಿಟ್ಟು, ಸೋಲು ಖಾತ್ರಿಯಿದ್ದ ಆ ಪಂದ್ಯಕ್ಕೆ ಇಳಿದು ಮೂರು ಇನಿಂಗ್ಸ್‌ಗಿಂತ ಹೆಚ್ಚು ಎಸೆದರು, ಐದು ರನ್ ಹೊಡೆಸಿಕೊಂಡರು. ಪಂದ್ಯ 19-8ರಿಂದ ಹೋಯಿತು.

ಅದರ ಫಲ ಮರುದಿನ ಕಂಡಿತು. ನಾಲ್ಕನೇ ಪಂದ್ಯವನ್ನು ಡೆರೆಕ್ ಲೋ ಶುರು ಮಾಡಿದರು. ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದದ್ದು, ಹನ್ನೆರಡನೇ ಇನಿಂಗ್ಸ್‌ನಲ್ಲಿ ಡೇವಿಡ್ ಆರ್ಟಿಸ್ ಹೋಮ್ ರನ್ ಬಾರಿಸಿದ್ದು ಎಲ್ಲರಿಗೂ ನೆನಪಿದೆ. ಅಲ್ಲಿಯ ತನಕ ಪಂದ್ಯ ಎಳೆಯಲು ದಣಿಯದ ತೋಳುಗಳು ಉಳಿದಿದ್ದವು ಎಂಬುದನ್ನು ನೆನೆಯುವವರು ಕಡಿಮೆ.

ಐದನೇ ಪಂದ್ಯ ಅಕ್ಟೋಬರ್ 18ರಂದು, 14 ಇನಿಂಗ್ಸ್, ಆರು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ಹನ್ನೆರಡನೆಯದಕ್ಕೆ ಬಂದವರು ಒಂದು ದಿನದ ವಿಶ್ರಾಂತಿಯ ವೇಕ್‌ಫೀಲ್ಡ್. ಪ್ಲೇಟಿನ ಹಿಂದೆ ಇದ್ದವರು ಮಿರಾಬೆಲ್ಲಿ ಅಲ್ಲ, ವ್ಯಾರಿಟೆಕ್. ಹದಿಮೂರನೆಯದರಲ್ಲಿ ಗ್ಯಾರಿ ಶೆಫೀಲ್ಡ್ ಮೂರನೇ ಸ್ಟ್ರೈಕ್‌ಗೆ ಬೀಸಿದ್ದು ತಪ್ಪಿತು, ಚೆಂಡು ವ್ಯಾರಿಟೆಕ್ ಕೈಗೂ ಸಿಗಲಿಲ್ಲ, ಶೆಫೀಲ್ಡ್ ಬೇಸ್ ಸೇರಿದರು. ಇಬ್ಬರು ಔಟಾಗುವಷ್ಟರಲ್ಲಿ ಮೊದಲ ಬೇಸ್‌ನಲ್ಲಿ ಮಾತ್ಸುಯಿ. ಮತ್ತೊಂದು ಚೆಂಡು ತಪ್ಪಿತು, ಓಟಗಾರ ಎರಡನೇ ಬೇಸ್‌ಗೆ. ಪೊಸಾಡಾರನ್ನು ಬೇಕೆಂದೇ ಬೇಸ್‌ಗೆ ಕಳಿಸಿದರು. ಮೂರನೇ ಬಾರಿ ತಪ್ಪಿತು, ಈಗ ಎರಡು ಮತ್ತು ಮೂರನೇ ಬೇಸ್‌ಗಳಲ್ಲಿ ಜನ. ಇನ್ನೊಂದು ಚೆಂಡು ಜಾರಿದರೆ ಯಾಂಕೀಸ್‌ಗೆ ಮುನ್ನಡೆ. ವೇಕ್‌ಫೀಲ್ಡ್ ಎಸೆತ ಬದಲಿಸಿ ನೇರ ಚೆಂಡಿಗೆ ಮೊರೆಹೋಗಬಹುದಿತ್ತು, ಹೋಗಲಿಲ್ಲ. ರೂಬೆನ್ ಸಿಯೆರಾಗೆ ನಕಲ್‌ಬಾಲನ್ನೇ ಎಸೆದರು. ಸಿಯೆರಾ ಬೀಸಿದರು, ತಪ್ಪಿತು, ಈ ಸಲ ವ್ಯಾರಿಟೆಕ್ ಬಿಗಿಯಾಗಿ ಹಿಡಿದರು. ಮೂರು ಇನಿಂಗ್ಸ್, ಒಂದೂ ರನ್ ಇಲ್ಲ. ಹದಿನಾಲ್ಕನೆಯದರಲ್ಲಿ ಆರ್ಟಿಸ್ ಗೆಲುವಿನ ರನ್ ತಂದರು, ಗೆಲುವು ವೇಕ್‌ಫೀಲ್ಡ್ ಹೆಸರಿಗೆ ಬಂತು. ಮೂರು ಸೋಲಿನಿಂದ ಎದ್ದ ಬಾಸ್ಟನ್ ಆ ಸರಣಿಯನ್ನೂ, 1918ರ ನಂತರದ ಮೊದಲ ವರ್ಲ್ಡ್ ಸೀರೀಸ್ ಅನ್ನೂ, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿಯನ್ನೂ, ಗೆದ್ದಿತು.

2007ರದೂ ಇಂಥದ್ದೇ. ಆ ವರ್ಷ 17 ಪಂದ್ಯ ಗೆದ್ದಿದ್ದರು, ತಂಡ ವರ್ಲ್ಡ್ ಸೀರೀಸ್ ತಲುಪಿತ್ತು. ಭುಜ ನೋಯುತ್ತಿತ್ತು, ಬೇರೆಯವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆಂದು ತಾವೇ ಪಟ್ಟಿಯಿಂದ ಹೊರಗುಳಿದರು. ಸಂಬಳದಲ್ಲೂ ಹಾಗೆಯೇ. 2005ರಲ್ಲಿ ಅವರು ಸಹಿ ಹಾಕಿದ ಒಪ್ಪಂದ ವರ್ಷಕ್ಕೆ 40 ಲಕ್ಷ ಡಾಲರ್‌ನದು; ತಂಡ ಬೇಕೆಂದಷ್ಟು ವರ್ಷ ಅದೇ ದರಕ್ಕೆ ಮುಂದುವರಿಸಬಹುದು ಎಂಬ ಷರತ್ತಿತ್ತು. ಹೊರಗೆ ಹೋಗಿದ್ದರೆ ಹೆಚ್ಚು ಸಿಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಮೈದಾನದ ಹೊರಗಿನ ಸೇವೆಗೆ ಕೊಡುವ ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿ 2010ರಲ್ಲಿ ಬಂತು. ಫ್ರಾನ್ಸಿಸ್ಕನ್ ಮಕ್ಕಳ ಆಸ್ಪತ್ರೆಯ ರೋಗಿಗಳನ್ನು ಫೆನ್‌ವೇಗೆ ಕರೆಸಿ ಮಾತಾಡಿಸುವುದು, ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಜಿಮ್ಮಿ ಫಂಡ್‌ಗೆ ಹಣ ಕೂಡಿಸುವುದು ಅವರು ನಿವೃತ್ತರಾದ ಮೇಲೂ ಬಿಡದ ಕೆಲಸ.

200ನೇ ಗೆಲುವಿಗೆ ಎಂಟು ಪ್ರಯತ್ನ ಬೇಕಾದವು. ಅದು ಬಂದದ್ದು 2011ರ ಸೆಪ್ಟೆಂಬರ್ 13ರಂದು, ಟೊರಾಂಟೊ ಎದುರು. ರೆಡ್ ಸಾಕ್ಸ್ ಪರ ಅವರ ಗೆಲುವು 186. ಸೈ ಯಂಗ್ ಮತ್ತು ಕ್ಲೆಮೆನ್ಸ್ ಇಬ್ಬರದೂ 192. ಇನ್ನೊಂದು ಸೀಸನ್ ಎಳೆದಿದ್ದರೆ ದಾಖಲೆ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. 2012ರ ಫೆಬ್ರವರಿಯಲ್ಲಿ ನಿವೃತ್ತಿ ಹೇಳಿದರು.

ಅದೇ ವರ್ಷ ಆರ್. ಎ. ಡಿಕಿ ನಕಲ್‌ಬಾಲ್‌ನಿಂದಲೇ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಅವರದು ವೇಕ್‌ಫೀಲ್ಡ್‌ಗಿಂತ ಬಹಳ ವೇಗದ್ದು, ಗಂಟೆಗೆ 125 ಕಿಲೋಮೀಟರ್ ಆಸುಪಾಸು. ಬಾಸ್ಟನ್‌ನ ಸ್ಟೀವನ್ ರೈಟ್, ಈಚೆಗೆ ಸ್ಯಾನ್ ಡಿಯೇಗೊದ ಮ್ಯಾಟ್ ವಾಲ್ಡ್ರನ್ ಬಿಟ್ಟರೆ ಹೇಳಿಕೊಳ್ಳುವಂಥವರು ಇಲ್ಲ. ವೇಗ ಅಳೆಯುವ ಯಂತ್ರ ನೋಡಿ ಹುಡುಗರನ್ನು ಆರಿಸುವ ಈ ಕಾಲದಲ್ಲಿ 106 ಕಿಲೋಮೀಟರ್ ಎಸೆಯುವವನನ್ನು ಯಾವ ಸ್ಕೌಟ್ ನಿಂತು ನೋಡುತ್ತಾನೆ? ಇದು ದೊಡ್ಡ ನಷ್ಟ.

ವೇಕ್‌ಫೀಲ್ಡ್ ಎಸೆತ ನೋಡಬೇಕೆನ್ನುವವರಿಗೆ 2004ರ ಆ ಐದನೇ ಪಂದ್ಯದ ಹದಿಮೂರನೇ ಇನಿಂಗ್ಸ್‌ಗಿಂತ ಒಳ್ಳೆಯದು ಇಲ್ಲ. ಮೊದಲ ಸಲ ನೋಡುವಾಗ ಚೆಂಡನ್ನು ಹಿಂಬಾಲಿಸಬೇಡಿ, ಟಿವಿ ಕ್ಯಾಮೆರಾ ಪಿಚರ್‌ನ ಬೆನ್ನ ಹಿಂದೆ ದೂರದಲ್ಲಿರುವುದರಿಂದ ಅದರ ಆಟ ಸರಿಯಾಗಿ ತಿಳಿಯುವುದಿಲ್ಲ. ವ್ಯಾರಿಟೆಕ್ ಗ್ಲೌಸ್ ನೋಡಿ. ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತು ಎಂಬುದರಲ್ಲಿ ಚೆಂಡು ಎಷ್ಟು ಸರಿಯಿತೆಂಬುದು ಗೊತ್ತಾಗುತ್ತದೆ. ಎರಡನೇ ಸಲ ನಿಧಾನಗತಿಯ ಮರುಪ್ರಸಾರದಲ್ಲಿ ಹೊಲಿಗೆಯ ಕೆಂಪು ಗೆರೆ ಹುಡುಕಿ. ಮಾಮೂಲಿ ಚೆಂಡಿನಲ್ಲಿ ಅದು ಕಲಸಿಹೋಗಿ ತಿಳಿಗೆಂಪು ಛಾಯೆಯಾಗಿ ಕಾಣುತ್ತದೆ. ಇದರಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ, ಎಣಿಸಬಹುದು.